ಆದಿವಾಸಿ ಹೆಣ್ಣುಮಕ್ಕಳ ವಿದ್ಯಾರ್ಥಿವೇತನ: ಅರ್ಜಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳುವುದು ಹೇಗೆ

ಹಾಡಿ, ಪೋಡು ಎಂದು ಕರೆಯುವ ಆದಿವಾಸಿ ವಸತಿಯಿಂದ ಬಂದ ಹುಡುಗಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿಗೆ, ಡಿಪ್ಲೊಮಾಕ್ಕೆ, ನರ್ಸಿಂಗಿಗೆ ಸೇರುತ್ತಾಳೆ. ಪರಿಶಿಷ್ಟ ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನೂ ಹಾಕುತ್ತಾಳೆ. ಪಕ್ಕದ ಬೆಂಚಿನವರಿಗೆ ಹಣ ಬರುತ್ತದೆ, ಅವಳಿಗೆ ಬರುವುದಿಲ್ಲ. ವಿಚಾರಿಸಿದರೆ ‘ಪೆಂಡಿಂಗ್’ ಎಂಬ ಒಂದೇ ಉತ್ತರ. ಮುಂದಿನ ವರ್ಷವೂ ಅದೇ ತಪ್ಪು, ಅದೇ ಉತ್ತರ.

ಇದು ಅಂಕಗಳ ಸಮಸ್ಯೆಯಲ್ಲ. ಈ ಯೋಜನೆ ರ್‍ಯಾಂಕ್ ಕೇಳುವುದಿಲ್ಲ. ತೊಂದರೆ ಇರುವುದು ದಾಖಲೆಗಳ ನಡುವಿನ ತಾಳೆಯಲ್ಲಿ ಮತ್ತು ಕೆಲಸ ಮಾಡುವ ಕ್ರಮದಲ್ಲಿ. ಹುಡುಗಿಯರ ಅರ್ಜಿ ಹೆಚ್ಚು ಕಡೆ ಸಿಕ್ಕಿಕೊಳ್ಳುವುದಕ್ಕೂ ಕಾರಣವಿದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಅಣ್ಣನದು, ಪಾಸ್‌ಬುಕ್ ಅಪ್ಪನ ಪೆಟ್ಟಿಗೆಯಲ್ಲಿ, ಪಾಸ್‌ವರ್ಡ್ ಸೈಬರ್ ಸೆಂಟರಿನವನ ಪುಸ್ತಕದಲ್ಲಿ. ನಡುವೆ ಮದುವೆಯಾದರೆ ಹೆಸರು, ವಿಳಾಸ, ಆದಾಯ ಮೂರೂ ಬದಲಾಗುತ್ತವೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ‘ಇದು ಅವಳ ಕೈಯಲ್ಲಿದೆಯೇ’ ಎಂಬ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದೇನೆ.

ಈ ಬರಹ ಕರ್ನಾಟಕದ ವಿದ್ಯಾರ್ಥಿನಿಯರಿಗೆ, ಅವರಿಗೆ ನೆರವಾಗುವ ಉಪನ್ಯಾಸಕರಿಗೆ, ವಾರ್ಡನ್‌ಗಳಿಗೆ, ಗ್ರಾಮ ಪಂಚಾಯಿತಿಯ ಗ್ರಂಥಪಾಲಕರಿಗೆ. ಹಂತಗಳ ಕ್ರಮ ಬದಲಿಸಬೇಡಿ. ಮೂರನೆಯದನ್ನು ಬಿಟ್ಟು ಏಳನೆಯದಕ್ಕೆ ಹಾರಿದವರೇ ಕೊನೆಗೆ ಮರಳಿ ಮೊದಲನೆಯದಕ್ಕೆ ಬರುವವರು.

ಮೊದಲು ಕೈಯಲ್ಲಿರಬೇಕಾದದ್ದು

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿದ್ಯಾರ್ಥಿನಿಯ ಆಧಾರ್, ತಂದೆ ತಾಯಿಯ ಆಧಾರ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರವೇಶ ರಸೀದಿ, ಬ್ಯಾಂಕ್ ಪಾಸ್‌ಬುಕ್. ಅಂಗವೈಕಲ್ಯ ಇದ್ದರೆ ಯುಡಿಐಡಿ ಕಾರ್ಡ್. ಇವುಗಳ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್. ತಮಾಷೆಗೆ ಹೇಳುತ್ತಿಲ್ಲ. ಯಾವ ಕಚೇರಿಗೆ ಯಾವ ದಿನ ಹೋದಿರಿ, ಯಾವ ಸಂಖ್ಯೆ ಕೊಟ್ಟರು, ಏನು ಹೇಳಿ ಕಳಿಸಿದರು ಎಂಬುದನ್ನು ಅದರಲ್ಲಿ ಬರೆಯುತ್ತಾ ಹೋಗಿ. ಒಂಬತ್ತನೇ ಹಂತಕ್ಕೆ ಬಂದಾಗ ಆ ನೋಟ್‌ಬುಕ್ಕೇ ನಿಮ್ಮ ಸಾಕ್ಷಿ.

ಹಂತ 1: ಎಲ್ಲ ಕಾಗದಗಳನ್ನು ಸಾಲಾಗಿ ಹರಡಿ ಹೆಸರು ನೋಡಿ

ಮೇಜಿನ ಮೇಲೆ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ ಇಟ್ಟುಕೊಂಡು ನಾಲ್ಕರಲ್ಲೂ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಅಂಕಪಟ್ಟಿಯಲ್ಲಿ ‘ಗೌರಮ್ಮ ಬಿ.’, ಆಧಾರ್‌ನಲ್ಲಿ ‘ಗೌರಿ’, ಜಾತಿ ಪ್ರಮಾಣಪತ್ರದಲ್ಲಿ ‘ಗೌರಮ್ಮ ಬಸವ’, ಪಾಸ್‌ಬುಕ್‌ನಲ್ಲಿ ‘ಬಿ. ಗೌರಮ್ಮ’ ಎಂದಿದ್ದರೆ ಊರಿನವರಿಗೆ ಅವಳು ಒಬ್ಬಳೇ. ತಂತ್ರಾಂಶದ ಕಣ್ಣಿಗೆ ನಾಲ್ವರು. ಹುಟ್ಟಿದ ದಿನಾಂಕವನ್ನೂ ಹೀಗೆಯೇ ನೋಡಿ. ಆಶ್ರಮ ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ದಿನಾಂಕ ಒಂದು, ಆಧಾರ್ ಶಿಬಿರದಲ್ಲಿ ಹೇಳಿದ ದಿನಾಂಕ ಇನ್ನೊಂದು ಆಗಿರುವುದು ಹಾಡಿಗಳಲ್ಲಿ ತೀರಾ ಸಾಮಾನ್ಯ.

ಯಾವುದನ್ನು ಯಾವುದಕ್ಕೆ ಸರಿಹೊಂದಿಸಬೇಕು? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ, ಉಳಿದವನ್ನು ಅದಕ್ಕೆ ತನ್ನಿ. ಅಂಕಪಟ್ಟಿ ತಿದ್ದಿಸಲು ಶಾಲೆಯ ಮುಖ್ಯಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಯವರೆಗೂ ಹೋಗಬೇಕಾಗುತ್ತದೆ, ಮುಂದೆ ಪಿಯುಸಿ, ಪದವಿ, ಉದ್ಯೋಗ ಎಲ್ಲದಕ್ಕೂ ಅದೇ ಆಧಾರ. ಅಂಕಪಟ್ಟಿಯಲ್ಲೇ ನಿಜವಾದ ತಪ್ಪಿದ್ದರೆ ಮಾತ್ರ ಅದನ್ನು ಮುಟ್ಟಿ.

ಹಂತ 2: ಆಧಾರ್ ಮತ್ತು ಅವಳದೇ ಮೊಬೈಲ್ ಸಂಖ್ಯೆ

ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಿಸಬಹುದು. ಆದ್ದರಿಂದ ಅವಸರ ಬೇಡ. ಅರ್ಜಿಯಲ್ಲಿ ಬರೆಯುವ ಹೆಸರನ್ನು ಮೊದಲು ಕಾಗದದ ಮೇಲೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಬರೆದುಕೊಂಡು ಹೋಗಿ. ನಿರ್ವಾಹಕರು ಟೈಪ್ ಮಾಡಿದ ಮೇಲೆ ಪರದೆ ತಿರುಗಿಸಿ ತೋರಿಸುವಂತೆ ಕೇಳಿ. ಸ್ವೀಕೃತಿ ಚೀಟಿ ಮುದ್ರಣವಾದ ಮೇಲೆ ಕಂಡ ತಪ್ಪಿಗೆ ಇನ್ನೊಂದು ಅವಕಾಶ ಖರ್ಚಾಗುತ್ತದೆ. ಗುರುತಿನ ದಾಖಲೆ ಇಲ್ಲದವರು ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯಲ್ಲಿ, ಭಾವಚಿತ್ರ ಅಂಟಿಸಿ, ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಿಂದಲೋ ತಹಶೀಲ್ದಾರರಿಂದಲೋ ಸಹಿ ಮಾಡಿಸಿದ ಪ್ರಮಾಣಪತ್ರ ಕೊಡಬಹುದು.

ಎರಡನೆಯ ವಿಷಯ ಬೆರಳಚ್ಚು. ಮಕ್ಕಳಿದ್ದಾಗ ಆಧಾರ್ ಮಾಡಿಸಿದವರು 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ, ಭಾವಚಿತ್ರವನ್ನು ಕಡ್ಡಾಯವಾಗಿ ಹೊಸದಾಗಿ ಕೊಡಬೇಕು. ಇದನ್ನು ಬಿಟ್ಟವರ ಆಧಾರ್ ಬ್ಯಾಂಕಿನಲ್ಲಿ, ಸಿಮ್ ಅಂಗಡಿಯಲ್ಲಿ ತಾಳೆಯಾಗುವುದಿಲ್ಲ. ಪಿಯುಸಿಗೆ ಸೇರುವ ಹುಡುಗಿಯ ವಯಸ್ಸು ಸರಿಯಾಗಿ ಅಲ್ಲಿಗೇ ಬಂದಿರುತ್ತದೆ, ಹಾಗಾಗಿ ಹೆಸರು ತಿದ್ದಿಸಲು ಹೋದಾಗಲೇ ಇದನ್ನೂ ಮುಗಿಸಿ.

ಇನ್ನು ಮೊಬೈಲ್. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ. ಆ ಸಂಖ್ಯೆ ಕಾಫಿ ತೋಟಕ್ಕೆ ಕೂಲಿಗೆ ಹೋದ ಅಣ್ಣನ ಜೇಬಿನಲ್ಲಿದ್ದರೆ ಅರ್ಜಿ ಅಲ್ಲೇ ನಿಂತಿತು. ಹುಡುಗಿಯ ಹೆಸರಿನಲ್ಲೇ ಒಂದು ಸಿಮ್ ಇರಲಿ. ಹದಿನೆಂಟು ತುಂಬಿಲ್ಲದಿದ್ದರೆ ತಾಯಿಯ ಹೆಸರಿನ ಸಿಮ್ ಆದರೂ ಹುಡುಗಿಯ ಬಳಿಯೇ ಇರಬೇಕು. ಸ್ಮಾರ್ಟ್‌ಫೋನ್ ಬೇಕಿಲ್ಲ, ಸಂದೇಶ ಬರುವ ಸಾದಾ ಫೋನ್ ಸಾಕು. ಸಂಖ್ಯೆ ಜೋಡಿಸಲು ದಾಖಲೆ ಕೇಳುವುದಿಲ್ಲ, ಬೆರಳಚ್ಚು ಸಾಕು. ಆದರೆ ಬೆರಳಚ್ಚು ಕೊಡಲು ಆಧಾರ್ ಕೇಂದ್ರಕ್ಕೆ ಅವಳೇ ಹೋಗಬೇಕು.

ಎಚ್ಚರಿಕೆಯ ಲಕ್ಷಣ: ಆರು ತಿಂಗಳಿಂದ ರೀಚಾರ್ಜ್ ಆಗದ ಸಂಖ್ಯೆ. ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟಿರಬಹುದು. ಆಗ ನಿಮ್ಮ ಒಟಿಪಿ ಅಪರಿಚಿತರ ಫೋನಿಗೆ ಹೋಗುತ್ತಿರುತ್ತದೆ.

ಹಂತ 3: ಬ್ಯಾಂಕ್ ಖಾತೆ, ಅದರಲ್ಲೂ ಆಧಾರ್ ಜೋಡಣೆ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನೀವು ಬರೆದ ಖಾತೆ ಸಂಖ್ಯೆಗೆ ಹಣ ಬರುತ್ತದೆ ಎಂದುಕೊಂಡರೆ ಅದು ತಪ್ಪು ತಿಳಿವಳಿಕೆ. ನೇರ ನಗದು ವರ್ಗಾವಣೆಯಲ್ಲಿ (ಡಿಬಿಟಿ) ಹಣ ಹೋಗುವುದು ಆಧಾರ್ ಸಂಖ್ಯೆಗೆ. ಆ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಎನ್‌ಪಿಸಿಐ ಎಂಬ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿ ಹೇಳುತ್ತದೆ. ಮೂರು ಖಾತೆ ಇದ್ದರೂ ಆ ಪಟ್ಟಿಯಲ್ಲಿ ಇರುವುದು ಒಂದೇ.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ನಂಬಿ ಹೊರಟುಬಿಡಬೇಡಿ. ಖಾತೆಗೆ ಆಧಾರ್ ಸಂಖ್ಯೆ ಸೇರಿಸಿರುವುದು ಒಂದು, ಎನ್‌ಪಿಸಿಐ ಪಟ್ಟಿಗೆ ಕಳಿಸಿರುವುದು ಇನ್ನೊಂದು. ಎರಡನೆಯದಕ್ಕೆ ಬೇರೆಯೇ ಒಪ್ಪಿಗೆ ಅರ್ಜಿ ಇದೆ, ‘ಎನ್‌ಪಿಸಿಐ ಜೋಡಣೆಯ ಒಪ್ಪಿಗೆ ಅರ್ಜಿ’ ಎಂದೇ ಹೆಸರಿಟ್ಟು ಕೇಳಿ. ಆಮೇಲೆ ಮೈಆಧಾರ್ ಜಾಲತಾಣಕ್ಕೆ ಒಟಿಪಿ ಹಾಕಿ ಪ್ರವೇಶಿಸಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಿ. ಬ್ಯಾಂಕಿನ ಹೆಸರು, ಜೋಡಣೆಯಾದ ದಿನಾಂಕ, ‘ಸಕ್ರಿಯ’ ಎಂಬ ಸ್ಥಿತಿ ಈ ಮೂರೂ ಕಾಣಬೇಕು.

ಇಲ್ಲಿ ಹುಡುಗಿಯರ ಅರ್ಜಿ ಬೀಳುವ ಗುಂಡಿಗಳು ಹಲವು. ಆಶ್ರಮ ಶಾಲೆಯಲ್ಲಿದ್ದಾಗ ಶಿಕ್ಷಕರು ತೆರೆಸಿದ ಅಪ್ರಾಪ್ತರ ಖಾತೆಯನ್ನು 18 ತುಂಬಿದ ಕೂಡಲೇ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಬ್ಯಾಂಕ್ ವ್ಯವಹಾರ ತಡೆಯುತ್ತದೆ. ಎರಡು ವರ್ಷ ಯಾವ ವ್ಯವಹಾರವೂ ನಡೆಯದ ಖಾತೆ ನಿಷ್ಕ್ರಿಯವಾಗುತ್ತದೆ. ಪೂರ್ಣ ದಾಖಲೆ ಕೊಡದೆ ತೆರೆದ ‘ಸಣ್ಣ ಖಾತೆ’ಯಲ್ಲಿ ಒಂದು ಸಲಕ್ಕೆ 50,000 ರೂಪಾಯಿಗಿಂತ ಹೆಚ್ಚು ಉಳಿಸಿಕೊಳ್ಳುವಂತಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ನರ್ಸಿಂಗ್, ಎಂಜಿನಿಯರಿಂಗ್ ಶುಲ್ಕದ ಮೊತ್ತ ಆ ಮಿತಿಗೆ ತಗುಲಿ ವಾಪಸು ಹೋಗಬಹುದು. ಸಿಮ್ ಕೊಳ್ಳುವಾಗ ಬೆರಳೊತ್ತಿಸಿಕೊಂಡು ಅಂಗಡಿಯಲ್ಲೇ ತೆರೆದ, ನಿಮಗೇ ಗೊತ್ತಿಲ್ಲದ ಖಾತೆಯೊಂದು ಪಟ್ಟಿಯಲ್ಲಿ ಕೂತಿರುವುದೂ ಉಂಟು.

ಖಾತೆ ಹುಡುಗಿಯ ಒಬ್ಬಳ ಹೆಸರಿನಲ್ಲೇ ಇರಲಿ. ಎಟಿಎಂ ಕಾರ್ಡು, ಅದರ ಗುಪ್ತ ಸಂಖ್ಯೆ ಅವಳ ಬಳಿಯೇ ಇರಲಿ. ‘ಮನೆಯವರ ಮೇಲೆ ನಂಬಿಕೆ ಇಲ್ಲವೇ’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನಂಬಿಕೆಯದಲ್ಲ. ಅವಳ ಓದಿಗೆ ಬಂದ ದುಡ್ಡು ತಮ್ಮನ ಬೈಕಿನ ಕಂತಿಗೆ ಹೋದರೆ ಕಾಲೇಜು ಬಿಡುವವಳು ಅವಳು.

ಹಂತ 4: ಜಾತಿ ಪ್ರಮಾಣಪತ್ರ, ಪಟ್ಟಿಯಲ್ಲಿರುವ ಹೆಸರಿನಲ್ಲಿಯೇ

ಪರಿಶಿಷ್ಟ ಪಂಗಡದ ಪ್ರಮಾಣಪತ್ರ ನಮೂನೆ-ಡಿಯಲ್ಲಿ ಬರುತ್ತದೆ. ಅರ್ಜಿ ಹಾಕುವುದು ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಗ್ರಾಮ ಒನ್ ಕೇಂದ್ರದಲ್ಲೂ ಹಾಕಬಹುದು. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕ ಇಬ್ಬರೂ ಪರಿಶೀಲಿಸಿದ ಮೇಲೆ ತಹಶೀಲ್ದಾರರು ಕೊಡುತ್ತಾರೆ. ಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನದ ತಂತ್ರಾಂಶಕ್ಕೆ ಬೇಕಿರುವುದು ಆ ಸಂಖ್ಯೆಯೇ. ಕೈಬರಹದ ಹಳೆಯ ಪತ್ರ ಎಷ್ಟೇ ಅಸಲಿಯಾದರೂ ಇಲ್ಲಿ ಉಪಯೋಗಕ್ಕೆ ಬಾರದು.

ಅತಿ ದೊಡ್ಡ ತಪ್ಪು ನಡೆಯುವುದು ಸಮುದಾಯದ ಹೆಸರಿನಲ್ಲಿ. ಜೇನುಕುರುಬ, ಕಾಡುಕುರುಬ ಪರಿಶಿಷ್ಟ ಪಂಗಡ. ಬರೀ ‘ಕುರುಬ’ ಎಂದು ಬರೆಸಿದರೆ, ಕೊಡಗನ್ನು ಬಿಟ್ಟು ಉಳಿದೆಡೆ, ಅದು ಹಿಂದುಳಿದ ವರ್ಗದ 2ಎ ಪ್ರವರ್ಗಕ್ಕೆ ಹೋಗುತ್ತದೆ. ಗೌಡಲು ಪರಿಶಿಷ್ಟ ಪಂಗಡ, ‘ಗೌಡ’ ಅಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮೂವತ್ತು ವರ್ಷದ ಹಿಂದೆ ಮೇಷ್ಟ್ರು ಅವಸರದಲ್ಲಿ ಬರೆದ ಎರಡಕ್ಷರ ಇವತ್ತು ಮಗಳ ಶುಲ್ಕಕ್ಕೆ ಅಡ್ಡ ನಿಂತಿರುವುದನ್ನು ಯಾವ ತಾಲ್ಲೂಕಿನಲ್ಲಿ ಬೇಕಾದರೂ ನೋಡಬಹುದು. ಪರಿಶಿಷ್ಟ ಪಂಗಡಗಳ ಪಟ್ಟಿಗೆ ತಡವಾಗಿ ಸೇರಿದ ಹೆಸರುಗಳೂ ಇವೆ. ಉತ್ತರ ಕನ್ನಡದ ಸಿದ್ದಿಯರು ಸೇರಿದ್ದು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯ ಸಿದ್ದಿಯರು 2020ರಲ್ಲಿ. ಬೆಟ್ಟಕುರುಬ ಎಂಬ ಹೆಸರನ್ನು ಕಾಡುಕುರುಬದ ಪರ್ಯಾಯವಾಗಿ ಸೇರಿಸಲು ಸಂಸತ್ತು ಒಪ್ಪಿದ್ದು ಅದಕ್ಕೂ ಆಮೇಲೆ. ಈ ಸಮುದಾಯಗಳ ಹಿರಿಯರ ಶಾಲಾ ದಾಖಲೆಯಲ್ಲಿ ಬೇರೆ ಪ್ರವರ್ಗ ಇರುವುದು ಸಹಜ. ‘ಅಪ್ಪನ ಟಿಸಿಯಲ್ಲಿ ಬೇರೆ ಇದೆಯಲ್ಲ’ ಎಂದು ಕೇಳಿದರೆ ಪಟ್ಟಿಯ ಪ್ರತಿ ತೋರಿಸಿ, ವಂಶವೃಕ್ಷ ಕೊಡಿ, ಸ್ಥಳ ಮಹಜರು ಮಾಡುವಂತೆ ಲಿಖಿತವಾಗಿ ಕೇಳಿ.

ಇನ್ನು ಹೆಣ್ಣುಮಕ್ಕಳಿಗೇ ಸಂಬಂಧಿಸಿದ ಎರಡು ಮಾತು.

ಮದುವೆಯಿಂದ ಜಾತಿ ಬದಲಾಗುವುದಿಲ್ಲ. ಆದಿವಾಸಿ ಹುಡುಗಿ ಬೇರೆ ಜಾತಿಯವನನ್ನು ಮದುವೆಯಾದರೂ ಅವಳ ಪ್ರಮಾಣಪತ್ರ ತಂದೆಯ ಕಡೆಯಿಂದಲೇ, ಹುಟ್ಟಿನ ಆಧಾರದ ಮೇಲೆಯೇ. ಗಂಡನ ಊರಿನ ನಾಡಕಚೇರಿಯಲ್ಲಿ ಗಂಡನ ಜಾತಿ ಬರೆದು ಹೊಸ ಪತ್ರ ಮಾಡಿಸುವ ‘ಸುಲಭ ದಾರಿ’ಯನ್ನು ಯಾರಾದರೂ ತೋರಿಸಿದರೆ ಒಪ್ಪಬೇಡಿ. ಹಳೆಯ ಪತ್ರ ಇದ್ದರೆ ಅದೇ ನಡೆಯುತ್ತದೆ, ಪರಿಶಿಷ್ಟ ಪಂಗಡದ ಜಾತಿ ಪ್ರಮಾಣಪತ್ರಕ್ಕೆ ವರ್ಷ ವರ್ಷ ನವೀಕರಣ ಇಲ್ಲ.

ತಾಯಿ ಆದಿವಾಸಿ, ತಂದೆ ಅಲ್ಲ ಎಂಬ ಮನೆಗಳಲ್ಲಿ ‘ತಂದೆಯ ಜಾತಿಯೇ ಮಗುವಿನದು’ ಎಂದು ಕಿಟಕಿಯಿಂದಲೇ ಕಳಿಸಿಬಿಡುತ್ತಾರೆ. ಸುಪ್ರೀಂ ಕೋರ್ಟ್ 2012ರಲ್ಲಿ, ರಮೇಶ್‌ಭಾಯ್ ದಾಭಾಯ್ ನಾಯ್ಕ ಪ್ರಕರಣದಲ್ಲಿ, ಅದು ಒಂದು ಊಹೆ ಮಾತ್ರ, ಸಾಕ್ಷ್ಯದಿಂದ ಅಲ್ಲಗಳೆಯಬಹುದು ಎಂದಿದೆ. ಮಗು ತಾಯಿಯ ಸಮುದಾಯದಲ್ಲೇ ಬೆಳೆದು, ಅದೇ ಕಷ್ಟ, ಅದೇ ಅವಮಾನ ಉಂಡು, ಆ ಸಮುದಾಯದವಳೆಂದೇ ಗುರುತಿಸಿಕೊಂಡಿದ್ದರೆ ತಾಯಿಯ ಜಾತಿ ಕೇಳಲು ಅವಕಾಶವಿದೆ. ಇದಕ್ಕೆ ಬೇಕಿರುವುದು ಪುರಾವೆ: ತಾಯಿಯ ತವರಿನ ವಿಳಾಸದ ಪಡಿತರ ಚೀಟಿ, ಹಾಡಿಯ ಪಕ್ಕದ ಶಾಲೆಯ ದಾಖಲೆ, ಸಮುದಾಯದ ಹಿರಿಯರ ಹೇಳಿಕೆ. ಕೆಲಸ ನಿಧಾನ, ಆದ್ದರಿಂದ ಹತ್ತನೇ ತರಗತಿಯಲ್ಲೇ ಶುರು ಮಾಡಿ.

ಹಂತ 5: ಆದಾಯ ಪ್ರಮಾಣಪತ್ರ

ಕೇಂದ್ರದ ಮೆಟ್ರಿಕ್ ನಂತರದ ಯೋಜನೆಯಲ್ಲಿ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಲೆಕ್ಕಕ್ಕೆ ಬರುವುದು ತಂದೆ ತಾಯಿಯ ಆದಾಯ ಮಾತ್ರ. ದುಡಿಯುವ ಅಣ್ಣನದು, ಜೊತೆಗಿರುವ ಚಿಕ್ಕಪ್ಪನದು ಸೇರುವುದಿಲ್ಲ. ಅರ್ಜಿಯಲ್ಲಿ ‘ಕುಟುಂಬದ ಆದಾಯ’ ಎಂದು ನೋಡಿ ಎಲ್ಲರ ಕೂಲಿಯನ್ನೂ ಕೂಡಿಸಿ ಮಿತಿ ದಾಟಿಸಿಕೊಂಡವರಿದ್ದಾರೆ.

ಮದುವೆಯಾದ, ಉದ್ಯೋಗದಲ್ಲಿಲ್ಲದ ವಿದ್ಯಾರ್ಥಿನಿಗೆ ನಿಯಮ ಬೇರೆ: ಅಲ್ಲಿ ನೋಡುವುದು ಗಂಡನ ಆದಾಯ. ಜಾತಿ ತಂದೆಯ ಕಡೆಯಿಂದ, ಆದಾಯ ಗಂಡನ ಕಡೆಯಿಂದ. ಈ ಎರಡನ್ನೂ ಒಂದೇ ಕಡೆಯಿಂದ ತರಲು ಹೋಗಿ ಅರ್ಧ ವರ್ಷ ಕಳೆದುಕೊಳ್ಳುವವರು ಬಹಳ. ತಂದೆ ಇಲ್ಲದ ಮನೆಯಾದರೆ ಮರಣ ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡು ತಾಯಿಯ ಹೆಸರಿನಲ್ಲಿ ಮಾಡಿಸಿ. ತಂದೆ ಬಿಟ್ಟುಹೋದ ಮನೆಯಾದರೆ ವಿಷಯ ಬಚ್ಚಿಡದೆ ಗ್ರಾಮ ಆಡಳಿತಾಧಿಕಾರಿಗೆ ಹೇಳಿ, ಅವರ ವರದಿಯಲ್ಲಿ ಅದು ದಾಖಲಾಗಲಿ.

ಆದಾಯ ಪತ್ರಕ್ಕೆ ಅವಧಿ ಇದೆ, ಪತ್ರದ ಮೇಲೆಯೇ ಮುದ್ರಿಸಿರುತ್ತಾರೆ. ಕಾಲೇಜು ಸೇರುವ ತಿಂಗಳಲ್ಲೇ ಅದು ಮುಗಿಯುತ್ತಿದೆಯೇ ನೋಡಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಸಕಾಲ ಸಂಖ್ಯೆಯ ಸ್ವೀಕೃತಿ ತೆಗೆದುಕೊಳ್ಳದೆ ಕದಲಬೇಡಿ. ಆ ಚೀಟಿ ಇಲ್ಲದಿದ್ದರೆ ನೀವು ಅರ್ಜಿ ಕೊಟ್ಟೇ ಇಲ್ಲ ಎಂದರೂ ಎದುರುತ್ತರ ಇರುವುದಿಲ್ಲ.

ಹಂತ 6: ಕಾಲೇಜು ಮತ್ತು ಹಾಸ್ಟೆಲ್ ಕಡೆಯ ಕೆಲಸ

ಪ್ರವೇಶ ಪಡೆದ ವಾರದಲ್ಲೇ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವ ಸಿಬ್ಬಂದಿ ಯಾರು ಎಂದು ಕೇಳಿಕೊಳ್ಳಿ. ವ್ಯಾಸಂಗ ಪ್ರಮಾಣಪತ್ರದಂಥ ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿ ಗಣಕದಲ್ಲೇ ದೃಢೀಕರಿಸಿ ಒಂದು ಸಂಖ್ಯೆ ಕೊಡುತ್ತಾರೆ, ಅರ್ಜಿಯಲ್ಲಿ ಅದನ್ನೇ ನಮೂದಿಸಬೇಕು. ಮೂಲ ದಾಖಲೆಗಳನ್ನು ಕಾಲೇಜಿಗೆ ಕೊಟ್ಟುಬಿಡುವ ಮುನ್ನ ಎಲ್ಲದರ ಸ್ಪಷ್ಟ ಚಿತ್ರ ಅಥವಾ ನಕಲು ಇಟ್ಟುಕೊಳ್ಳಿ.

ಹಾಸ್ಟೆಲ್ ವಿಷಯದಲ್ಲಿ ನಿಜ ಹೇಳಿ. ಇಲಾಖೆಯ ಉಚಿತ ವಸತಿ ನಿಲಯದಲ್ಲಿದ್ದವರಿಗೆ ನಿರ್ವಹಣಾ ಭತ್ಯೆ ಪೂರ್ಣ ಸಿಗುವುದಿಲ್ಲ. ಕೇಂದ್ರದ ಮಾರ್ಗಸೂಚಿಯಂತೆ ವಸತಿ ವಿದ್ಯಾರ್ಥಿಗಳ ದರದ ಮೂರನೇ ಒಂದು ಭಾಗ ಮಾತ್ರ. ಹೆಚ್ಚು ಬರಲಿ ಎಂದು ‘ಮನೆಯಿಂದ ಬರುತ್ತೇನೆ’ ಎಂದು ಬರೆದರೆ ಹಾಸ್ಟೆಲ್ ದಾಖಲೆ ಅಡ್ಡ ಬರುತ್ತದೆ, ಅರ್ಜಿ ನಿಲ್ಲುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದೂರದ ಹಾಡಿಯ ಹುಡುಗಿಗೆ ಆ ಭತ್ಯೆಗಿಂತ ವಸತಿ ನಿಲಯದ ಜಾಗವೇ ದೊಡ್ಡದು. ಕೊನೆಯ ಬಸ್ ತಪ್ಪಿದ ದಿನ ಕತ್ತಲಲ್ಲಿ ಆನೆ ದಾರಿ ನಡೆಯುವುದು ತಪ್ಪಿದರೆ ಅಷ್ಟೇ ಲಾಭ.

ಹಂತ 7: ಎಸ್‌ಎಸ್‌ಪಿಯಲ್ಲಿ ಅರ್ಜಿ

ಹಿಂದಿನ ಆರು ಹಂತ ಸರಿಯಾಗಿದ್ದರೆ ಇದು ಅರ್ಧ ಗಂಟೆಯ ಕೆಲಸ. ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೆಟ್ರಿಕ್ ನಂತರದ ವಿಭಾಗಕ್ಕೆ ಹೋಗಿ, ಆಧಾರ್‌ನಲ್ಲಿರುವಂತೆಯೇ ಹೆಸರು ಟೈಪ್ ಮಾಡಿ, ಒಟಿಪಿಯಿಂದ ಖಾತೆ ಸೃಜಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ ಮತ್ತು ವರ್ಷ, ಜಾತಿ ಮತ್ತು ಆದಾಯದ ಆರ್‌ಡಿ ಸಂಖ್ಯೆಗಳು, ಕಾಲೇಜು, ಕೋರ್ಸ್, ಶುಲ್ಕ, ವಸತಿ, ದೃಢೀಕರಣ ಸಂಖ್ಯೆಗಳನ್ನು ತುಂಬಿ. ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ಪರದೆಯ ಮೇಲೆ ಬರುವ ಜಾತಿಯ ಹೆಸರು, ಆದಾಯದ ಮೊತ್ತ ನಿಮ್ಮದೇನಾ ಎಂದು ನೋಡಿ. ಒಂದಂಕಿ ತಪ್ಪಿದರೆ ಬೇರೆ ಯಾರದೋ ವಿವರ ಬಂದು ಕೂತಿರುತ್ತದೆ.

ಸೈಬರ್ ಸೆಂಟರ್‌ನಲ್ಲಿ ಮಾಡಿಸುವುದಾದರೆ ಎರಡು ಷರತ್ತು. ಮೊಬೈಲ್ ಸಂಖ್ಯೆ ನಿಮ್ಮದೇ ಹಾಕಬೇಕು, ಪಾಸ್‌ವರ್ಡ್ ನೀವೇ ಟೈಪ್ ಮಾಡಬೇಕು. ಎಸ್‌ಎಸ್‌ಪಿ ಗುರುತಿನ ಸಂಖ್ಯೆ ಮುಂದಿನ ಎಲ್ಲ ವರ್ಷಗಳಿಗೂ ಒಂದೇ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಹಿಂದೆ ಯಾರೋ ಖಾತೆ ತೆರೆದಿದ್ದು ಮರೆತು ಹೊಸದು ತೆರೆಯಲು ಹೋದರೆ ತಂತ್ರಾಂಶ ಬಿಡುವುದಿಲ್ಲ. ಹಳೆಯದನ್ನೇ ಒಟಿಪಿ ಮೂಲಕ ಮರಳಿ ಪಡೆಯಿರಿ.

‘ಉಳಿಸು’ ಒತ್ತಿ ಎದ್ದುಹೋಗುವುದು ಇಲ್ಲಿಯ ದೊಡ್ಡ ತಪ್ಪು. ಉಳಿಸಿದ ಅರ್ಜಿ ಸಲ್ಲಿಕೆಯಾದ ಅರ್ಜಿಯಲ್ಲ. ಕೊನೆಯ ಸಲ್ಲಿಕೆಯಾದ ಮೇಲೆ ಬರುವ ಸ್ವೀಕೃತಿಯನ್ನು ಮುದ್ರಿಸಿಕೊಂಡರಷ್ಟೇ ಕೆಲಸ ಮುಗಿದಂತೆ. ಕೊನೆಯ ದಿನಾಂಕದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ, ಆ ಹೊತ್ತಿಗೆ ತಂತ್ರಾಂಶ ಉಸಿರಾಡುವುದೂ ಕಷ್ಟ.

ಒಂದೇ ಹಂತದ ಇನ್ನೊಂದು ಕೋರ್ಸ್‌ಗೆ ಈ ವೇತನ ಸಿಗದು. ಬಿ.ಎ. ಮುಗಿಸಿ ಬಿ.ಕಾಂ.ಗೆ ಸೇರಿದರೆ ಅರ್ಹತೆ ಇರುವುದಿಲ್ಲ. ಹಾಗೆಯೇ ಇದರೊಟ್ಟಿಗೆ ಬೇರೆ ವಿದ್ಯಾರ್ಥಿವೇತನ ಹಿಡಿಯುವಂತಿಲ್ಲ, ಆದರೆ ಪುಸ್ತಕ, ಉಪಕರಣ, ಊಟ ವಸತಿಗೆಂದು ಬರುವ ಪ್ರತ್ಯೇಕ ನೆರವು ಪಡೆಯಬಹುದು.

ಹಂತ 8: ಸಲ್ಲಿಸಿದ ಮೇಲೆ ಸುಮ್ಮನಿರಬೇಡಿ

ತಿಂಗಳಿಗೊಮ್ಮೆ ಸ್ಥಿತಿ ನೋಡಿ. ‘ಕಾಲೇಜು ಹಂತದಲ್ಲಿ ಬಾಕಿ’ ಎಂದಿದ್ದರೆ ಕಾಲೇಜು ಇನ್ನೂ ಪರಿಶೀಲಿಸಿಲ್ಲ. ಅಲ್ಲಿಗೇ ಹೋಗಿ, ತಾಲ್ಲೂಕು ಕಚೇರಿ ಸುತ್ತಿ ಪ್ರಯೋಜನವಿಲ್ಲ. ‘ಆಧಾರ್ ಜೋಡಣೆ ಇಲ್ಲ’ ಎಂದು ಬಂದರೆ ಮೂರನೇ ಹಂತಕ್ಕೆ ಮರಳಿ. ‘ಹಣ ಜಮೆಯಾಗಿದೆ’ ಎಂದಿದ್ದೂ ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಬೇರೆ ಬ್ಯಾಂಕಿಗೆ ಹೋಗಿದೆ ಎಂದೇ ಅರ್ಥ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ದಿನ, ಯಾವ ಬ್ಯಾಂಕಿಗೆ, ಎಷ್ಟು ಹೋಯಿತು ಎಂಬುದು ಕಾಣುತ್ತದೆ.

‘ನಿಮ್ಮ ಸ್ಕಾಲರ್‌ಷಿಪ್ ಮಂಜೂರಾಗಿದೆ, ಒಟಿಪಿ ಹೇಳಿ’ ಎಂದು ಯಾರಾದರೂ ಕರೆ ಮಾಡಿದರೆ ಫೋನ್ ಇಡಿ. ಯಾವ ಇಲಾಖೆಯೂ ಹಾಗೆ ಕೇಳುವುದಿಲ್ಲ. ಹಣ ಬಿಡುಗಡೆ ಮಾಡಿಸಲು ಶೇಕಡಾವಾರು ಕೇಳುವ ಮಧ್ಯವರ್ತಿಗೆ ಮಾಡಲು ಯಾವ ಕೆಲಸವೂ ಇಲ್ಲ, ನಿಮ್ಮ ಹಣ ಬಂದ ದಿನ ತಾನೇ ತರಿಸಿದೆನೆಂದು ಹೇಳಿಕೊಳ್ಳುತ್ತಾನೆ ಅಷ್ಟೇ.

ಹಂತ 9: ಸಿಕ್ಕಿಕೊಂಡರೆ ಯಾರ ಬಳಿಗೆ, ಯಾವ ಕ್ರಮದಲ್ಲಿ

ಮೊದಲು ಪ್ರಾಂಶುಪಾಲರು. ಆಮೇಲೆ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿ, ನಂತರ ಜಿಲ್ಲಾ ಕಚೇರಿ. ಕೊಡಗು, ಮೈಸೂರು, ಚಾಮರಾಜನಗರ, ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿ ಇದೆ, ಅಲ್ಲಿಗೂ ಒಂದು ಪ್ರತಿ ಕೊಡಿ. ಬಾಯಿಮಾತಿಗೆ ಬೆಲೆಯಿಲ್ಲ. ಮನವಿ ಎರಡು ಪ್ರತಿ ಬರೆದು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮನವಿಯಲ್ಲಿ ಕಷ್ಟದ ಕಥೆ ಬೇಡ. ಎಸ್‌ಎಸ್‌ಪಿ ಸಂಖ್ಯೆ, ಸಲ್ಲಿಸಿದ ದಿನಾಂಕ, ಈಗ ಕಾಣುವ ಸ್ಥಿತಿ, ನೀವು ಈಗಾಗಲೇ ಸರಿಪಡಿಸಿದ್ದು ಏನು ಎಂಬ ನಾಲ್ಕು ಸಾಲು ಸಾಕು.

ಉತ್ತರ ಬರದಿದ್ದರೆ ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅದೂ ನಡೆಯದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರ ಕೊಡಲು 30 ದಿನ. ‘ನನ್ನ ಅರ್ಜಿ ಇಂಥ ದಿನದಿಂದ ಇಂಥ ದಿನದವರೆಗೆ ಯಾರ ಬಳಿ ಇತ್ತು’ ಎಂಬ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರುವ ಮೊದಲೇ ಹಲವು ಕಡತಗಳು ಎದ್ದು ನಡೆಯುತ್ತವೆ.

ಹಂತ 10: ನವೀಕರಣ, ಮದುವೆ, ಬಾಣಂತನ

ವೇತನ ಒಮ್ಮೆ ಬಂದರೆ ಕೋರ್ಸ್ ಮುಗಿಯುವವರೆಗೆ ತಾನಾಗಿ ಬರುವುದಿಲ್ಲ, ಪ್ರತಿ ವರ್ಷ ನವೀಕರಿಸಬೇಕು. ಮುಂದಿನ ತರಗತಿಗೆ ತೇರ್ಗಡೆಯಾಗಿರಬೇಕು. ಕಾಯಿಲೆಯಿಂದಲೋ ಅನಿರೀಕ್ಷಿತ ಘಟನೆಯಿಂದಲೋ ವಾರ್ಷಿಕ ಪರೀಕ್ಷೆಗೆ ಕೂರಲಾಗದಿದ್ದರೆ, ವೈದ್ಯಕೀಯ ಪ್ರಮಾಣಪತ್ರ ಮತ್ತಿತರ ಸಾಕಷ್ಟು ಪುರಾವೆ ನೋಡಿ, ಸಂಸ್ಥೆಯ ಮುಖ್ಯಸ್ಥರಿಗೆ ಒಪ್ಪಿಗೆಯಾದರೆ ನವೀಕರಣಕ್ಕೆ ಅವಕಾಶವಿದೆ. ಗರ್ಭಿಣಿಯಾಗಿಯೋ ಬಾಣಂತಿಯಾಗಿಯೋ ಪರೀಕ್ಷೆ ತಪ್ಪಿಸಿಕೊಂಡ ವಿದ್ಯಾರ್ಥಿನಿ ನಾಚಿಕೆಯಿಂದ ಸುಮ್ಮನಾಗಿ ಕಾಲೇಜು ಬಿಡುವ ಬದಲು ಆಸ್ಪತ್ರೆಯ ಚೀಟಿ ಹಿಡಿದು ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಲಿ. ಉಪನ್ಯಾಸಕಿಯರು ಈ ನಿಯಮವನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಬೇಕು.

ಓದುತ್ತಿರುವಾಗ ಮದುವೆಯಾದರೆ ಕೋರ್ಸ್ ಮುಗಿಯುವವರೆಗೆ ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಬದಲಿಸಬೇಡಿ. ವಿಳಾಸ ಬದಲಿಸಿದರೆ ತೊಂದರೆಯಿಲ್ಲ. ಗಂಡನ ಹೆಸರು ಸೇರಿಸಲೇಬೇಕೆಂಬ ಕಾನೂನು ಎಲ್ಲೂ ಇಲ್ಲ.

ಹಂತ 11: ಪದವಿಯ ಆಚೆಗೆ

ಪ್ರತಿ ಕೋರ್ಸಿನ ಕೊನೆಯ ವರ್ಷ ಪ್ರಥಮ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರೆ ರಾಜ್ಯದ ಪ್ರೋತ್ಸಾಹಧನ ಇದೆ, ಅದಕ್ಕೆ ಬೇರೆ ಅರ್ಜಿ. ಬಹಳ ಹುಡುಗಿಯರು ವಿದ್ಯಾರ್ಥಿವೇತನ ಬಂದಿತಲ್ಲ ಎಂದು ಇದನ್ನು ಕೈಬಿಡುತ್ತಾರೆ.

ಅದಕ್ಕೂ ಮುಂದೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಯೋಜನೆಗಳು. ಸಚಿವಾಲಯ ಹೆಸರಿಸಿದ ಉನ್ನತ ಸಂಸ್ಥೆಗಳಲ್ಲಿ ಪದವಿ, ಸ್ನಾತಕೋತ್ತರ ಓದುವವರಿಗೆ ವಿದ್ಯಾರ್ಥಿವೇತನವಿದೆ, ಆದಾಯದ ಮಿತಿ 6 ಲಕ್ಷ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದಲ್ಲಿ. ಪಿಎಚ್‌.ಡಿ. ಮಾಡುವವರಿಗೆ ವರ್ಷಕ್ಕೆ 750 ಹೊಸ ಫೆಲೋಷಿಪ್‌ಗಳು. ವಿದೇಶದಲ್ಲಿ ಓದಲು ವರ್ಷಕ್ಕೆ ಇಡೀ ದೇಶಕ್ಕೆ 20 ಮಾತ್ರ, ಅದರಲ್ಲಿ 3 ವಿಶೇಷವಾಗಿ ದುರ್ಬಲ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಆ ಗುಂಪಿಗೆ ಸೇರುವವರು ಜೇನುಕುರುಬರು ಮತ್ತು ಕೊರಗರು. ಈ ವಿದೇಶಿ ವೇತನದಲ್ಲಿ ಶೇಕಡಾ 30 ಹೆಣ್ಣುಮಕ್ಕಳಿಗೆ ಮೀಸಲು.

ಇಲ್ಲಿ ಕೇಳುವ ದಾಖಲೆಗಳಲ್ಲಿ ಹೊಸದು ಕಡಿಮೆ. ಜಾತಿ, ಆದಾಯ, ಆಧಾರ್, ಎಲ್ಲ ಅಂಕಪಟ್ಟಿಗಳು, ಜೊತೆಗೆ ಸಂಶೋಧನೆಯಾದರೆ ವಿಶ್ವವಿದ್ಯಾಲಯದ ನೋಂದಣಿ ಪತ್ರ, ವಿದೇಶಕ್ಕಾದರೆ ಪ್ರವೇಶ ಪತ್ರ ಮತ್ತು ಪಾಸ್‌ಪೋರ್ಟ್. ಕೊರಗ ಹುಡುಗಿಯೊಬ್ಬಳು ಎಂ.ಎಸ್ಸಿ. ಓದುತ್ತಿದ್ದರೆ ಎರಡನೇ ವರ್ಷದ ಆರಂಭದಲ್ಲೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿಸಿ. ಅದರಲ್ಲಿಯೂ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ.